ಗುಡ್ಡದ ದಾರಿ ಕೊಟ್ಟಿಗೆ ಪಕ್ಕದಲ್ಲೇ ಹೋಗುತ್ತದೆ

ಸಿರಸಿ ಸುತ್ತಮುತ್ತ ಗುಡ್ಡ ಹತ್ತುವವರು ಫೋನಿನಲ್ಲಿ ಇಟ್ಟುಕೊಂಡಿರುವ ನಕ್ಷೆಗಳನ್ನು ನೋಡಿದಾಗಲೆಲ್ಲ ನನಗೊಂದು ವಿಷಯ ಕಾಡುತ್ತದೆ. ಅದರಲ್ಲಿ ದಾರಿ ಇರುತ್ತದೆ, ಹಳ್ಳ ಇರುತ್ತದೆ, ಏರು ಎಷ್ಟು ಮೀಟರ್ ಎಂಬ ಲೆಕ್ಕ ಇರುತ್ತದೆ, ಫೋಟೊ ತೆಗೆಯಲು ಒಳ್ಳೆಯ ಜಾಗ ಎಂದು ನಕ್ಷತ್ರದ ಗುರುತೂ ಇರುತ್ತದೆ. ಕೊಟ್ಟಿಗೆ ಮಾತ್ರ ಒಂದೂ ಇರುವುದಿಲ್ಲ. ನಮ್ಮ ಕಡೆ ಗುಡ್ಡಕ್ಕೆ ಹೋಗುವ ಕಾಲುದಾರಿಗಳಲ್ಲಿ ಹೆಚ್ಚಿನವು ಯಾರದ್ದೋ ಅಂಗಳದ ಬದಿಯಿಂದ ಹೊರಟು, ಕೊಟ್ಟಿಗೆ ಗೋಡೆ ಸವರಿಕೊಂಡು, ಗೊಬ್ಬರಗುಂಡಿ ದಾಟಿ, ಬೇಲಿಗೆ ಅಡ್ಡ ಹಾಕಿದ ದಣಪೆಯ ಕೋಲು ಸರಿಸಿ ಬೆಟ್ಟಕ್ಕೆ ಏರುತ್ತವೆ. ಆ ದಾರಿ ಬಿದ್ದಿದ್ದೇ ದನಗಳ ಕಾಲಿಗೆ, ಸೊಪ್ಪು, ದರಕು (ಉದುರಿದ ಒಣ ಎಲೆ) ಹೊರುವವರ ಕಾಲಿಗೆ. ಭಾನುವಾರ ಬೆಳಿಗ್ಗೆ ಚೀಲ ಬೆನ್ನಿಗೆ ಹಾಕಿಕೊಂಡು ಬರುವ ನಮ್ಮಂಥವರು ಆ ದಾರಿಗೆ ತೀರಾ ಹೊಸಬರು.

ಈ ದಾರಿಗಳಿಗೆ ಕಾಗದ ಕೇಳಿದರೆ ವಿಷಯ ಗೋಜಲಾಗುತ್ತದೆ. ಗ್ರಾಮ ನಕಾಶೆಯಲ್ಲಿ ಕೆಲವು ಕಾಲುದಾರಿ, ಬಂಡಿದಾರಿಗಳು ಚುಕ್ಕಿಗೆರೆಯಲ್ಲಿ ಇವೆ, ಅವಕ್ಕೊಂದು ಆಧಾರ ಇದೆ. ಉಳಿದವೆಲ್ಲ ರೂಢಿಯಲ್ಲಿ ನಡೆದವು. ಅಡಿಕೆ ತೋಟದವರು ಸೊಪ್ಪು ತರುವ ಸೊಪ್ಪಿನ ಬೆಟ್ಟದ ನೆಲ ಸರ್ಕಾರದ್ದು. ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಎಂಬ ಬ್ರಿಟಿಷರ ಕಾಲದ ಲೆಕ್ಕದಲ್ಲಿ ಸೊಪ್ಪು, ದರಕು, ಮೇವಿನ ಸೌಲಭ್ಯ ಮಾತ್ರ ತೋಟದವರದ್ದು. ಅಲ್ಲಿ ಸುಮ್ಮನೆ ನಡೆದು ಹೋಗುವ ಮೂರನೆಯವನ ಪಾಲಿಗೆ ಏನಿದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ, ನನ್ನನ್ನೂ ಯಾರೂ ಕೇಳಿರಲಿಲ್ಲ. ಜಗಲಿಯಿಂದ ‘ಯಾರದು, ಎಲ್ಲಿಗೆ ಹೊಂಟಿದ್ದು?’ ಎಂದು ಒಂದು ದನಿ, ‘ಗುಡ್ಡಕ್ಕೆ’ ಎಂದು ನಮ್ಮ ಉತ್ತರ, ‘ಬಪ್ಪಕಾರೆ ಆಸರಿಗೆ ಕುಡ್ಕಂಡು ಹೋಗಿ’ (ಬರುವಾಗ ಬಾಯಾರಿಕೆಗೆ ಕುಡಿದು ಹೋಗಿ) ಎಂದು ಹಿಂದಿನಿಂದ ಇನ್ನೊಂದು ಮಾತು. ವರ್ಷಗಟ್ಟಲೆ ಇಷ್ಟರಲ್ಲೇ ಎಲ್ಲ ನಡೆದುಹೋಗಿತ್ತು.

2022ರ ಮಳೆಗಾಲದ ಕೊನೆಗೆ ದನಗಳ ಚರ್ಮಗಂಟು ರೋಗ ನಮ್ಮ ಕಡೆಗೂ ಬಂತಲ್ಲ, ಆಗ ಈ ಏರ್ಪಾಡು ಎಷ್ಟು ತೆಳುವಾದದ್ದು ಎಂಬುದು ಕಂಡಿತು.

ಕತ್ತದ ಹಗ್ಗದ ಗಂಟು

ದೇವಿಮನೆ ಘಟ್ಟದ ಮೇಲಿನ ಒಂದು ಊರು, ಹೆಸರು ಬೇಡ. ಅಲ್ಲಿಂದ ಒಂದು ಬೆಟ್ಟದ ನೆತ್ತಿಗೆ ಹತ್ತಿದರೆ ಅಘನಾಶಿನಿ ಕಣಿವೆ ಕೆಳಗೆ ಹಾಸಿಕೊಂಡಿರುತ್ತದೆ, ಮೋಡ ಇಲ್ಲದ ದಿನ ಕುಮಟಾ ಕಡೆಯ ಸಮುದ್ರ ಒಂದು ಬಿಳಿ ಗೆರೆಯಾಗಿ ಕಾಣುತ್ತದೆ. ಮಳೆ ಬಿಟ್ಟ ಮೇಲೆ ವರ್ಷದ ಮೊದಲ ನಡಿಗೆ ನಮ್ಮದು ಹೆಚ್ಚಾಗಿ ಅಲ್ಲಿಂದಲೇ ಶುರು. ರಕ್ತ ಹೀರುವ ಉಂಬಳದ ಕಾಟ ಇನ್ನೂ ಪೂರ್ತಿ ಮುಗಿದಿರುವುದಿಲ್ಲ, ಕರಡ ಹುಲ್ಲು ಎದೆಮಟ್ಟ ಬೆಳೆದಿರುತ್ತದೆ. ಆ ಸಲ ನಾನು, ಕುಮಟಾದ ಗೆಳೆಯ, ಅವನ ಜೊತೆ ಹುಬ್ಬಳ್ಳಿಯಿಂದ ಬಂದ ಇಬ್ಬರು ಹುಡುಗರು. ಕಾರು ರಸ್ತೆಬದಿಗೆ ನಿಲ್ಲಿಸಿ ತೋಟದ ಅಂಚಿನಲ್ಲಿ ನಡೆದು ಆ ಮನೆ ಹತ್ತಿರ ಬಂದಾಗ ದಣಪೆಯ ಕೋಲುಗಳನ್ನು ಕತ್ತದ ಹಗ್ಗದಿಂದ ಬಿಗಿದು ಕಟ್ಟಿತ್ತು. ಅದಕ್ಕೊಂದು ರಟ್ಟಿನ ತುಂಡು ಸಿಕ್ಕಿಸಿ ಶಾಲೆ ಮಕ್ಕಳ ಅಕ್ಷರದಲ್ಲಿ ‘ದನಕ್ಕೆ ರೋಗ ಇದೆ. ಈ ದಾರಿ ಬಂದ್’ ಎಂದು ಬರೆದಿತ್ತು. ಮಳೆಗೆ ಅರ್ಧ ಅಕ್ಷರ ಕದಡಿಹೋಗಿತ್ತು.

ಕೊಟ್ಟಿಗೆಯಿಂದ ಹೊಗೆ ಬರುತ್ತಿತ್ತು. ನೊಣ ನುಸಿ ಓಡಿಸಲು ಲಕ್ಕಿ ಸೊಪ್ಪು, ಹಸಿ ಬೇವು ಸೇರಿಸಿ ಹಾಕಿದ ಹೊಗೆ; ಕಣ್ಣು ಉರಿಯುವಷ್ಟು ದಟ್ಟ. ಮನೆಯ ಅಮ್ಮ ಬಕೆಟ್ ಹಿಡಿದು ಹೊರಗೆ ಬಂದವರು ನಮ್ಮನ್ನು ಕಂಡು ಅಲ್ಲೇ ನಿಂತರು. ಎಷ್ಟೋ ವರ್ಷದಿಂದ ಮುರುಗಲು ಪಾನಕ, ಮಜ್ಜಿಗೆ ಕೊಟ್ಟ ಕೈ ಅದು.

‘ತಮಾ, ದಣಪೆ ದಾಟಡಿ. ಅಲ್ಲೇ ನಿಂತ್ಕಳಿ.’

‘ಎಂತಾತು ಅಮ್ಮಾ?’

‘ದೊಡ್ಡ ದನಕ್ಕೆ ಮೈಯೆಲ್ಲ ಗಂಟು ಎದ್ದಿದ್ದು. ಎರಡು ದಿನಾತು, ಹುಲ್ಲು ಮುಟ್ಟಿದ್ದಿಲ್ಲೆ. ಮುಂದಿನ ತಿಂಗ್ಳು ಕರ ಹಾಕವು ಅದು.’

ನನ್ನ ಗೆಳೆಯ ಓದಿಕೊಂಡವನು, ಔಷಧ ಕಂಪನಿಯಲ್ಲಿ ಕೆಲಸ. ಮಾತು ತಡೆಯಲಾಗಲಿಲ್ಲ ಅವನಿಗೆ. ‘ಅಮ್ಮಾ, ಇದು ಜನರಿಂದ ಬರೂದಲ್ಲ, ನೊಣದಿಂದ ಬರೂದು. ನಾವು ಕೊಟ್ಟಿಗೆ ಹತ್ರನೂ ಬರೂದಿಲ್ಲ, ಬದಿಯಿಂದ ಹೋಗ್ತೇವೆ’ ಎಂದ. ಅಮ್ಮ ಬಕೆಟ್ ಕೆಳಗಿಟ್ಟರು. ಸಿಟ್ಟೇನೂ ಇರಲಿಲ್ಲ. ‘ನೊಣ ಯಾರ ಕಾರಲ್ಲಿ ಕೂತ್ಕಂಡು ಬತ್ತು ಹೇಳಿ ನಿಂಗೆ ಗೊತ್ತಿದ್ದ?’ ಎಂದರು. ಆಮೇಲೆ ನಮಗೆ ಬೇರೆ ದಾರಿ ಹೇಳಿದರು: ಡಾಂಬರು ರಸ್ತೆಯಲ್ಲೇ ಹಿಂದೆ ಹೋಗಿ, ಸೇತುವೆ ದಾಟಿ, ಅರಣ್ಯ ಇಲಾಖೆಯ ನೆಡುತೋಪಿನ ಒಳಗಿಂದ ಹತ್ತಬೇಕು, ಒಂದು ತಾಸು ಹೆಚ್ಚು, ಆದರೆ ಮನೆ ಸಿಗುವುದಿಲ್ಲ. ಹುಬ್ಬಳ್ಳಿ ಹುಡುಗರಿಗೆ ಹವ್ಯಕರ ಮಾತಾದ ಹವಿಗನ್ನಡ ಅರ್ಥವಾಗದೆ ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ಒಬ್ಬ ಹಗ್ಗದ ಗಂಟಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದವನು ಕೈ ತೆಗೆದ.

ನಾವು ಅಕೇಶಿಯಾ ತೋಪಿನಲ್ಲಿ ಹತ್ತಿದೆವು. ಆ ನಡಿಗೆಯ ಬಗ್ಗೆ ಹೇಳಲು ಏನೂ ಇಲ್ಲ. ಅಕೇಶಿಯಾ ಕೆಳಗೆ ನಡೆದವರಿಗೆ ಗೊತ್ತು.

ನೊಣದ ವಾದ

ಗೆಳೆಯ ದಾರಿಯುದ್ದಕ್ಕೂ ವಾದಿಸಿದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆಮೇಲೆ ನಾನೂ ಓದಿಕೊಂಡೆ. ಚರ್ಮಗಂಟು ರೋಗದ ವೈರಸ್ ಕುರಿ ಸಿಡುಬು, ಮೇಕೆ ಸಿಡುಬಿನ ವೈರಸ್‌ಗೆ ಹತ್ತಿರದ ಸಂಬಂಧಿ. 1929ರಲ್ಲಿ ಈಗಿನ ಜಾಂಬಿಯಾದಲ್ಲಿ ಮೊದಲು ಗುರುತಿಸಿದ್ದು, ನಮ್ಮ ದೇಶದಲ್ಲಿ 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣುಗಿನ (ಉಣ್ಣೆಹುಳದ) ಮೂಲಕ ಹರಡುತ್ತದೆ. ಮನುಷ್ಯರಿಗೆ ತಗಲುವುದಿಲ್ಲ. ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿದ್ದರು, ರೋಗ ಬಂದ ಊರಿನ ಸುತ್ತ 5 ಕಿ.ಮೀ. ಒಳಗಿನ ಆರೋಗ್ಯವಂತ ದನಗಳಿಗೆ ಮೊದಲು. ದನದ ಸಂತೆ, ಜಾತ್ರೆ, ಸಾಗಾಟ ನಿಲ್ಲಿಸಿದ್ದರು. ಇವುಗಳಲ್ಲಿ ಯಾವುದರಲ್ಲೂ ‘ಗುಡ್ಡಕ್ಕೆ ಹೋಗುವವರನ್ನು ತಡೆಯಿರಿ’ ಎಂಬ ಮಾತಿರಲಿಲ್ಲ.

ಆದರೆ ಅದೇ ಓದಿನಲ್ಲಿ ಇನ್ನೂ ಕೆಲವು ಸಂಗತಿ ಸಿಕ್ಕವು. ಒಣಗಿ ಉದುರಿದ ಗಂಟಿನ ಹಕ್ಕಳೆಯಲ್ಲಿ ವೈರಸ್ ತಿಂಗಳಿಗೂ ಹೆಚ್ಚು ಕಾಲ ಬದುಕಿರಬಲ್ಲದು. ಒಂದೇ ಸೂಜಿಯನ್ನು ದನದಿಂದ ದನಕ್ಕೆ ಚುಚ್ಚಿದರೆ ಅದೂ ಒಂದು ದಾರಿ. ಹಾಗಾದರೆ ಆ ತಿಂಗಳುಗಳಲ್ಲಿ ಒಂದು ಕೊಟ್ಟಿಗೆಯಿಂದ ಇನ್ನೊಂದು ಕೊಟ್ಟಿಗೆಗೆ ನಿಜವಾಗಿ ಹೋಗುತ್ತಿದ್ದವರು ಯಾರು? ಸೂಜಿ ಚುಚ್ಚುವವರು, ದನದ ವ್ಯಾಪಾರದವರು, ಗೊಬ್ಬರ ಕೊಳ್ಳಲು ಬರುವವರು, ರೋಗದ ದನ ನೋಡಿ ಮಾತಾಡಿಸಿ ಹೋಗುವ ನೆಂಟರು. ಇವರಲ್ಲಿ ಒಬ್ಬರನ್ನೂ ಆ ಅಮ್ಮನಿಗೆ ತಡೆಯಲು ಸಾಧ್ಯವಿರಲಿಲ್ಲ. ಡಾಕ್ಟರು ಬೇಕು. ಗೊಬ್ಬರ ಮಾರಿದ ದುಡ್ಡು ಬೇಕು. ನೆಂಟರಿಗೆ ಬರಬೇಡಿ ಎಂದರೆ ಮುಂದಿನ ಮದುವೆಯವರೆಗೂ ಮಾತು ಉಳಿಯುತ್ತದೆ. ತಡೆಯಲು ಸಾಧ್ಯವಿದ್ದವರು ನಾವು ಮಾತ್ರ.

ಇದನ್ನು ಗೆಳೆಯ ಅನ್ಯಾಯ ಎಂದ. ನನಗೆ ಹಾಗೆ ಅನ್ನಿಸಲಿಲ್ಲ. ರೋಗ ಬಂದ ಮನೆಯವರ ಕೈಯಲ್ಲಿ ಆ ಹೊತ್ತಿಗೆ ಇರುವುದೇ ಬಹಳ ಕಡಿಮೆ. ವೀಳ್ಯದೆಲೆ, ಕಾಳುಮೆಣಸು, ಉಪ್ಪು ಅರೆದು ಬೆಲ್ಲ ಸೇರಿಸಿ ತಿನ್ನಿಸುವ ಮನೆಮದ್ದು ಆಗ ಎಲ್ಲರ ಫೋನಿಗೂ ಬಂದಿತ್ತು. ಬೆಲ್ಲ, ಉಪ್ಪು ಬಿಟ್ಟರೆ ಉಳಿದದ್ದು ನಮ್ಮ ತೋಟಗಳಲ್ಲೇ ಬೆಳೆಯುವುದರಿಂದ ಮಾಡದವರಿಲ್ಲ. ಹೊಗೆ ಹಾಕುವುದು, ಬೇವಿನ ನೀರಲ್ಲಿ ಗಂಟು ಒರೆಸುವುದು, ಹಗ್ಗ ಕಟ್ಟುವುದು. ಈ ಪಟ್ಟಿಯಲ್ಲಿ ಯಾವುದಕ್ಕೆ ಎಷ್ಟು ಗುಣ ಎಂದು ಲ್ಯಾಬಿನವರು ಅಳೆಯಲಿ. ಗಬ್ಬದ ದನವೊಂದು ಕಣ್ಣೆದುರೇ ಮೇವು ಬಿಟ್ಟು ಮಲಗಿರುವಾಗ, ನಮ್ಮ ಭಾನುವಾರದ ನಡಿಗೆಯನ್ನು ಅಪಾಯದ ಲೆಕ್ಕಕ್ಕೆ ಸೇರಿಸಬಾರದು ಎಂದು ಕೇಳುವ ಬಾಯಿ ನನಗಿರಲಿಲ್ಲ.

ಲೀಡ್ಸ್‌ನಲ್ಲಿದ್ದ ಭಾವ

ಇದೇ ವಿಷಯ ಹೇಳಿದಾಗ ನನ್ನ ಭಾವ ನಕ್ಕ. ಅವನು 2001ರಲ್ಲಿ ಕಂಪ್ಯೂಟರ್ ಕೆಲಸದ ಮೇಲೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ. ‘ಒಂದು ಹಗ್ಗ ನೋಡಿ ಇಷ್ಟು ಯೋಚನೆ ಮಾಡ್ತೆ, ಅಲ್ಲಿ ಇಡೀ ದೇಶಕ್ಕೇ ಹಗ್ಗ ಕಟ್ಟಿದ್ದ’ ಎಂದ. ಅಲ್ಲಿ ಆ ವರ್ಷ ಬಂದಿದ್ದು ಕಾಲುಬಾಯಿ ಜ್ವರ. ಫೆಬ್ರವರಿ 20ರಂದು ಎಸೆಕ್ಸ್‌ನ ಒಂದು ಕಸಾಯಿಖಾನೆಯ ಹಂದಿಗಳಲ್ಲಿ ಖಚಿತವಾಯಿತು, ಮೂಲ ಹುಡುಕಿದರೆ ಉತ್ತರದ ನಾರ್ತಂಬರ್‌ಲ್ಯಾಂಡಿನ ಒಂದು ಹಂದಿ ಸಾಕಣೆ ಕೇಂದ್ರ. ಅಷ್ಟರೊಳಗೆ ಹೆಕ್ಸಮ್, ಲಾಂಗ್‌ಟೌನ್ ಸಂತೆಗಳ ಮೂಲಕ ಕುರಿಗಳು ರೋಗವನ್ನು ದೇಶದ ಉದ್ದಕ್ಕೂ ಹೊತ್ತಾಗಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಕೊನೆಯ ಪ್ರಕರಣ ಸಿಗುವ ಹೊತ್ತಿಗೆ ರೋಗ ತಗಲಿದ ಜಾಗಗಳು 2,000 ದಾಟಿದ್ದವು, ಕೊಂದ ಪ್ರಾಣಿಗಳು 60 ಲಕ್ಷಕ್ಕೂ ಹೆಚ್ಚು. ಮೇ ತಿಂಗಳಲ್ಲಿ ಆಗಬೇಕಿದ್ದ ಚುನಾವಣೆಯನ್ನೇ ಜೂನ್ 7ಕ್ಕೆ ಮುಂದೂಡಿದರು.

ಭಾವ ಹೇಳಿದ್ದು ನಡೆಯುವವರ ಕಥೆ. ಅಲ್ಲಿನವರಿಗೆ ಕಾಲುದಾರಿ ಎಂದರೆ ಕಾನೂನಿನ ಹಕ್ಕು. ಇಂಗ್ಲೆಂಡ್ ಮತ್ತು ವೇಲ್ಸ್ ಎರಡರಲ್ಲಿ ಸೇರಿ 2 ಲಕ್ಷ ಕಿ.ಮೀ.ಗೂ ಹೆಚ್ಚು ಸಾರ್ವಜನಿಕ ಕಾಲುದಾರಿ ಇದೆ. ಹೊಲದ ನಡುವೆ, ಕುರಿ ಮಂದೆಯ ನಡುವೆ ಹೋದರೂ ಜಮೀನಿನ ಯಜಮಾನ ತಡೆಯುವಂತಿಲ್ಲ. ಇದೇನು ಬಿಟ್ಟಿ ಸಿಕ್ಕಿದ್ದಲ್ಲ. 1932ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಕಾರ್ಮಿಕರು ಗುಂಪಾಗಿ ನುಗ್ಗಿ ನಡೆದು, ಅವರಲ್ಲಿ ಕೆಲವರು ಜೈಲಿಗೂ ಹೋಗಿದ್ದರು. ಬೆಟ್ಟ, ಬಯಲುಗಳಲ್ಲಿ ದಾರಿ ಬಿಟ್ಟೂ ತಿರುಗಾಡಬಹುದು ಎಂಬ ಕಾಯ್ದೆಗೆ ಒಪ್ಪಿಗೆ ಸಿಕ್ಕಿದ್ದು 2000ನೇ ಇಸವಿಯ ನವೆಂಬರಿನಲ್ಲಿ. ಮೂರು ತಿಂಗಳು ಕಳೆಯುವುದರೊಳಗೆ ಅದೇ ಬೆಟ್ಟಗಳ ಬುಡದಲ್ಲಿ ‘ಒಳಗೆ ಬರಬೇಡಿ’ ಫಲಕಗಳು, ಹಳ್ಳಿ ರಸ್ತೆಗಳ ಅಡ್ಡಕ್ಕೆ ಸೋಂಕುನಾಶಕದಲ್ಲಿ ನೆನೆಸಿದ ಹುಲ್ಲು, ಚಾಪೆ. ಭಾವನ ಆಫೀಸಿನಲ್ಲಿ ವಾರಕ್ಕೊಮ್ಮೆ ಬೆಟ್ಟಕ್ಕೆ ಹೋಗುತ್ತಿದ್ದ ಒಬ್ಬ ಹಿರಿಯ, ಆ ವಸಂತವಿಡೀ ಊರ ಪಾರ್ಕಿನಲ್ಲಿ ಬೂಟು ಹಾಕಿಕೊಂಡು ಸುತ್ತು ಹೊಡೆಯುತ್ತಿದ್ದನಂತೆ.

ಅಲ್ಲಿ ಬೂಟಿಗೆ ಹೆದರಲು ಕಾರಣವಿತ್ತು. ಕಾಲುಬಾಯಿ ಜ್ವರದ ವೈರಸ್ ಮಣ್ಣು ಹತ್ತಿದ ಬೂಟು, ಬಟ್ಟೆ, ಗಾಡಿಯ ಚಕ್ರದಲ್ಲಿ ಸಾಗುತ್ತದೆ. ಹವೆ ಅನುಕೂಲವಾದರೆ ಗಾಳಿಯಲ್ಲೂ. 1981ರಲ್ಲಿ ಫ್ರಾನ್ಸಿನ ಬ್ರಿಟನಿ ಕಡೆಯಿಂದ ಸಮುದ್ರ ದಾಟಿ ಇಂಗ್ಲೆಂಡಿನ ವೈಟ್ ದ್ವೀಪಕ್ಕೆ ಗಾಳಿಯಲ್ಲೇ ಬಂದಿತ್ತು ಎಂದು ಅಲ್ಲಿನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹಾಗಿದ್ದೂ 2001ರಲ್ಲಿ ಎಲ್ಲ ಕಡೆ ಒಂದೇ ಏಟಿಗೆ ದಾರಿ ಮುಚ್ಚಿದ್ದು ಅತಿಯಾಯಿತು ಎಂಬ ಮಾತು ಅಲ್ಲೇ ಬಂತು. ರೋಗವೇ ಇಲ್ಲದ ಬೆಟ್ಟದೂರುಗಳ ವಸತಿಗೃಹ, ಚಹಾದಂಗಡಿಗಳು ಗಿರಾಕಿ ಇಲ್ಲದೆ ಕೂತವು. 2007ರಲ್ಲಿ ಸರ್ರೆಯಲ್ಲಿ ಮತ್ತೆ ರೋಗ ಬಂದಾಗ ದಾರಿ ಮುಚ್ಚಿದ್ದು ರೋಗದ ಜಾಗದ ಸುತ್ತಲಿನ 3 ಕಿ.ಮೀ. ವಲಯದಲ್ಲಿ ಮಾತ್ರ.

ಹೀಗೆ ನೋಡಿದರೆ ಘಟ್ಟದ ಮೇಲಿನ ಆ ಹಗ್ಗ ಹೆಚ್ಚು ಕರಾರುವಾಕ್ಕಾಗಿತ್ತು ಎನ್ನಬೇಕು. ರೋಗ ಇದ್ದ ಮನೆ ಹಗ್ಗ ಕಟ್ಟಿತು, ಇಲ್ಲದ ಮನೆ ಕಟ್ಟಲಿಲ್ಲ. ಆದೇಶ ಬರಲಿಲ್ಲ, ಫಲಕ ಅಚ್ಚಾಗಲಿಲ್ಲ, ಬೇರೆ ದಾರಿಯನ್ನೂ ಅವರೇ ತೋರಿಸಿದರು. ಆದರೆ ಇದು ನಡೆದದ್ದು ನಾವು ಮುಖ ಪರಿಚಯದವರಾದ್ದರಿಂದ. ಫೋನಿನ ಗೆರೆ ಹಿಡಿದು ಬೆಂಗಳೂರಿನಿಂದ ಬರುವವರಿಗೆ ಆ ಅಮ್ಮ ಹೇಗೆ ಹೇಳುತ್ತಾರೆ, ಯಾವ ಭಾಷೆಯಲ್ಲಿ ಹೇಳುತ್ತಾರೆ? ಅವರು ಇಲ್ಲದ ಹೊತ್ತಿನಲ್ಲಿ ಬಂದವರು ಮಳೆಗೆ ಕದಡಿದ ಅಕ್ಷರ ಓದಿ ತಿರುಗಿ ಹೋಗುತ್ತಾರೆಯೇ? ಕಾನೂನಿನ ಹಕ್ಕು ಇರುವ ಊರಲ್ಲಿ ಮುಚ್ಚಲಿಕ್ಕೂ ಒಂದು ಕ್ರಮ ಇರುತ್ತದೆ, ತೆರೆಯಲಿಕ್ಕೂ ಒಂದು ದಿನ ಇರುತ್ತದೆ. ನಮ್ಮಲ್ಲಿ ಎರಡೂ ಇಲ್ಲ.

ಊರ ಗಡಿ

ಹಾಗಂತ ರೋಗ ಬಂದಾಗ ಓಡಾಟಕ್ಕೆ ಅಂಕೆ ಹಾಕುವುದು ನಮಗೆ ಹೊಸದೂ ಅಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಸಿರಸಿ ಮಾರಿಕಾಂಬೆ ಜಾತ್ರೆಗೆ ಮುಂಚೆ ಹೊರಬೀಡುಗಳು ಇವೆಯಲ್ಲ, ಪೇಟೆಯವರಿಗೆ ಈಗ ಅದು ಪತ್ರಿಕೆಯಲ್ಲಿ ಓದುವ ಒಂದು ದಿನಾಂಕ. ಬನವಾಸಿ, ಸೊರಬ ಕಡೆಯ ಹಳ್ಳಿಗಳಲ್ಲಿ ಹೊರಬೀಡು ಎಂದರೆ ಊರಿಗೆ ಊರೇ ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು, ಊರ ಹೊರಗೆ ಹೊಲದಲ್ಲಿ ಒಲೆ ಹೂಡಿ ಅಡಿಗೆ ಮಾಡಿ ಉಂಡು ಸಂಜೆ ವಾಪಸಾಗುವುದು. ಆ ಹೊತ್ತು ಊರೊಳಗೆ ಯಾರೂ ಕಾಲಿಡುವಂತಿಲ್ಲ. ಸಿಡುಬು, ಕಾಲರಾ, ದನದ ಬೇನೆ ಎಲ್ಲವೂ ಮಾರಿಯ ಲೆಕ್ಕಕ್ಕೇ ಇದ್ದ ಕಾಲದ ಪದ್ಧತಿ ಅದು. ಅದರ ಹಿಂದೆ ವಿಜ್ಞಾನ ಇತ್ತು ಎಂದು ಹೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಇತ್ತೋ ಇಲ್ಲವೋ, ರೋಗ ಎಂದರೆ ಕಾಲು ಎಲ್ಲಿ ಇಡಬೇಕು ಎಂದು ಕೇಳಿ ಇಡುವ ಕಾಲ ಎಂಬ ಅಭ್ಯಾಸವನ್ನಂತೂ ಅದು ಉಳಿಸಿತ್ತು.

ಅದೇ ಪದ್ಧತಿಗೆ ಇನ್ನೊಂದು ಮುಖವೂ ಇತ್ತು. ಊರಿಗೆ ಬಂದ ಮಾರಿಯನ್ನು ಗೊಂಬೆ ಮಾಡಿ, ಕೋಳಿ ಮರಿಯ ಜೊತೆಗೋ ಮೊರದ ಜೊತೆಗೋ ರಾತ್ರಿ ಹೊತ್ತು ಪಕ್ಕದ ಊರಿನ ಗಡಿಗೆ ಬಿಟ್ಟು ಬರುವುದು. ಪಕ್ಕದ ಊರಿನವರು ಮರುದಿನ ಅದನ್ನು ಅವರ ಆಚೆಗಿನ ಗಡಿಗೆ ದಾಟಿಸುವುದು. ಗಡಿಯಲ್ಲಿ ಕಾದು ಕೂತು ಬಡಿದಾಡಿದ ಕಥೆಗಳು ನಮ್ಮ ಅಜ್ಜನ ತಲೆಮಾರಿನವರ ಬಾಯಲ್ಲಿ ಬೇಕಾದಷ್ಟಿದ್ದವು. 2020ರಲ್ಲಿ ಕೊರೊನಾ ಬಂದಾಗ ಊರೂರಿನ ರಸ್ತೆಗೆ ಮುಳ್ಳು ಅಡ್ಡ ಹಾಕಿ ಪೇಟೆಯವರು ಬರಬಾರದು ಎಂದು ಕಾದು ಕೂತವರನ್ನು ಕಂಡು ನನಗೆ ಆ ಕಥೆಗಳೇ ನೆನಪಾಗಿದ್ದವು. ಹೊರಗಿನವನೇ ರೋಗ ತರುವವನು ಎನ್ನುವುದು ಬಹಳ ಹಳೆಯ ಅನುಮಾನ, ಅದರಲ್ಲಿ ಅರ್ಧ ಸಲ ನಿಜವೂ ಇರುತ್ತದೆ. ಉಳಿದರ್ಧ ಸಲ ಪೆಟ್ಟು ಬೀಳುವುದು ಬಡವನಿಗೆ. ಯಲ್ಲಾಪುರ, ಮುಂಡಗೋಡ ಕಡೆ ಎಮ್ಮೆ ಮಂದೆ ಕಾಡಿಗೆ ಹೊಡೆದು ಮೇಯಿಸುವ ಗೌಳಿಗರಿಗೆ ಒಂದು ಊರಿನ ದಾರಿ ಬಂದ್ ಎಂದರೆ ನಮ್ಮ ಹಾಗೆ ಅಕೇಶಿಯಾ ತೋಪಿನಲ್ಲಿ ಹೋಗಿ ಬಿಡುವುದಕ್ಕಾಗುವುದಿಲ್ಲ.

ಉಣುಗು ತಿರುಗಿದಾಗ

ನಡೆಯುವವನೇ ಹೆದರಬೇಕಾದ ಕಾಯಿಲೆಯೂ ನಮ್ಮಲ್ಲಿದೆ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಬಗ್ಗೆ ಈ ಉತ್ತರ ಕನ್ನಡ ಜಿಲ್ಲೆಯವರಿಗೆ ಹೊಸದಾಗಿ ಹೇಳುವುದೇನೂ ಇಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕಿನ ಹಳ್ಳಿಗಳನ್ನು ಹಿಂಡಿದ್ದು ಎಲ್ಲರಿಗೂ ಗೊತ್ತು. ನನ್ನನ್ನು ಯೋಚನೆಗೆ ಹಚ್ಚಿದ್ದು ಅದರಲ್ಲಿ ದನದ ಪಾತ್ರ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಬಲಿತ ಉಣುಗುಗಳಿಗೆ ಅದರ ಮೈಯೇ ಊಟದ ಮನೆ. ಕಾಡಿಗೆ ಮೇಯಲು ಹೋಗಿ ಬರುವ ದನ ಉಣುಗಿನ ಸಂತತಿಯನ್ನು ಊರಂಚಿನವರೆಗೂ ತರುತ್ತದೆ. ಜನರನ್ನು ಕಚ್ಚುವುದು ಹೆಚ್ಚಾಗಿ ಅದರ ಮರಿಗಳು, ಕಣ್ಣಿಗೆ ಕಾಣದಷ್ಟು ಸಣ್ಣವು, ದರಕಿನ ರಾಶಿಯಲ್ಲಿ ಕೂತಿರುತ್ತವೆ.

ಆ ಬೇಸಿಗೆ ಸಿದ್ದಾಪುರದ ಕಡೆ ನಮ್ಮ ಗುಂಪು ಕಾಲಿಡಲಿಲ್ಲ. ನಾವಾಗಿಯೇ ಬಿಟ್ಟೆವು, ನಮಗೆ ಖರ್ಚಾದದ್ದು ಒಂದಷ್ಟು ಭಾನುವಾರಗಳು. ಅದೇ ಬೆಟ್ಟಕ್ಕೆ ಅದೇ ತಿಂಗಳಲ್ಲಿ ದರಕು ಗುಡಿಸಲು ಹೋಗುವ ಹೆಂಗಸರಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಬಾಟಲಿ ಕೊಟ್ಟು ಕೈಕಾಲಿಗೆ ಹಚ್ಚಿಕೊಂಡು ಹೋಗಿ ಎಂದು ಹೇಳಿದ್ದರು. ದರಕು ಬೇಸಿಗೆಯಲ್ಲೇ ಉದುರುವುದು, ಉಣುಗಿನ ಮರಿಗಳ ಕಾಲವೂ ಅದೇ. ಒಂದು ವರ್ಷ ದರಕು ತರದಿದ್ದರೆ ಕೊಟ್ಟಿಗೆಗೆ ಹಾಸಲು ಏನೂ ಇಲ್ಲ, ಹಾಸದಿದ್ದರೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದಿದ್ದರೆ ಅಡಿಕೆ ಬುಡಕ್ಕೆ ಹಾಕುವುದೇನು? ಕಾಡಿಗೆ ಹೋಗಬೇಡಿ ಎಂಬ ಸಲಹೆ ಕೇಳಿ ಮನೆಯಲ್ಲಿ ಕೂರುವುದು ಯಾರಿಗೆ ಸಾಧ್ಯವೋ ಅವರಿಗೆ ಮಾತ್ರ ಅದು ಸಲಹೆ. ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೆಲ್ಲ ಈಗ ಬಂದಿದೆ. ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಆದ ಜನಜಾತ್ರೆ ನೋಡಿದವರಿಗೆ ಅದು ಬೇಕಿತ್ತು ಎಂದೇ ಅನ್ನಿಸುತ್ತದೆ. ಆದರೆ ಆ ಬುಕಿಂಗ್ ಪುಟ ತಿಳಿದಿರುವುದು ಅರಣ್ಯ ಇಲಾಖೆಯ ಗೇಟನ್ನು ಮಾತ್ರ. ಅದರಾಚೆಗಿನ ಬೆಟ್ಟ, ಹುಲ್ಲು ಬೆಳೆಯುವ ಬೇಣ, ಅಂಗಳಗಳಲ್ಲಿ ಯಾವ ಕೊಟ್ಟಿಗೆಗೆ ಯಾವ ಕಾಯಿಲೆ ಬಂದಿದೆ ಎಂದು ಅದು ಹೇಳಲಾರದು.

ಆ ವರ್ಷದ ದೊಡ್ಡಬ್ಬ

ಮತ್ತೆ 2022ಕ್ಕೆ ಬರುತ್ತೇನೆ. ಅಕ್ಟೋಬರ್ 25ಕ್ಕೆ ಸೂರ್ಯಗ್ರಹಣ ಬಂದು ಆ ವರ್ಷದ ಗೋಪೂಜೆ 26ಕ್ಕೆ ಹೋಗಿತ್ತು. ನಾನು ಸೋದರಮಾವನ ಮನೆಯಲ್ಲಿದ್ದೆ. ದೊಡ್ಡಬ್ಬ ಎಂದು ಕರೆಯುವ ದೀಪಾವಳಿಯೆಂದರೆ ನಮ್ಮ ಕಡೆ ದನಗಳ ಹಬ್ಬವೇ. ಬೆಳಿಗ್ಗೆ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಅಡಿಕೆ ಸರ, ಸಿಂಗಾರ, ಚೆಂಡುಹೂವು ಕಟ್ಟಿ, ಅಕ್ಕಿ ಅಳೆಯುವ ಸಿದ್ದೆಯ ಬಾಯನ್ನು ಕೆಮ್ಮಣ್ಣಿನಲ್ಲೂ ಬಿಳಿ ಶೇಡಿಮಣ್ಣಿನಲ್ಲೂ ಅದ್ದಿ ಮೈತುಂಬ ಗುಂಡು ಗುಂಡಾಗಿ ಅಚ್ಚು ಒತ್ತುತ್ತಾರೆ. ಮಕ್ಕಳಿಗೆ ಅಚ್ಚು ಒತ್ತುವ ಕೆಲಸವೇ ಹಬ್ಬ. ಪೂಜೆಯಾದ ಮೇಲೆ ಎಲ್ಲ ಮನೆಗಳ ದನವನ್ನೂ ಊರ ದೇವಸ್ಥಾನದ ಬಯಲಿಗೆ ಹೊಡೆದು, ಜಾಗಟೆ ಬಡಿದು ಬೆಚ್ಚಿಸಿ ಬಿಡುವುದು. ಓಡುವ ದನದ ಕೊರಳಿನ ಸರ ಹರಿದವನೇ ಗಂಡಸು. ಅಲ್ಲಿಂದ ಹುಲಿಯಪ್ಪನ ಕಟ್ಟೆಗೆ ಕಾಯಿ ಒಡೆಯಲು ಊರ ಗಂಡಸರು ಬೆಟ್ಟದ ದಾರಿ ಹಿಡಿಯುತ್ತಾರೆ. ಕಾಡಿನಲ್ಲಿ ದನ ಕಾಯಪ್ಪಾ ಎಂದು ಹುಲಿಯನ್ನೇ ಬೇಡಿಕೊಳ್ಳುವ ಪೂಜೆ.

ಆ ವರ್ಷ ಊರಲ್ಲಿ ಮೂರ್ನಾಲ್ಕು ಮನೆಗಳ ದನಕ್ಕೆ ಗಂಟು ಎದ್ದಿತ್ತು. ಹಿಂದಿನ ಸಂಜೆ ದೇವಸ್ಥಾನದ ಜಗಲಿಯಲ್ಲಿ ಕೂತು ಹಿರಿಯರು ತೀರ್ಮಾನ ಮಾಡಿದರು: ದನ ಕೂಡಿಸುವುದು ಬೇಡ, ಅವರವರ ಕೊಟ್ಟಿಗೆಯಲ್ಲೇ ಪೂಜೆ. ಒಬ್ಬರು ಮಾತ್ರ, ಹಬ್ಬ ತಪ್ಪಿಸಿದರೆ ರೋಗ ಇನ್ನೂ ಜೋರಾಗುತ್ತದೆ ಎಂದರು. ಅವರಿಗೆ ಎದುರಾಡಿದ್ದು ನನ್ನ ಮಾವ. ‘ಸಂತೆ ಬ್ಯಾಡ ಹೇಳಿ ಸರ್ಕಾರ ಹೇಳಿದ್ದು, ನಾವು ಇಲ್ಲಿ ಸಂತೆ ಮಾಡದಾ?’ ಎಂದ. ಬೆಳಿಗ್ಗೆ ಕೊಟ್ಟಿಗೆಯಲ್ಲಿ ಅವನ ಮೊಮ್ಮಗಳು ಕೆಮ್ಮಣ್ಣು ಕಲಸಿ ಸಿದ್ದೆ ಹಿಡಿದು ಬಂದಾಗ ಮಾವ ಅಚ್ಚು ಒತ್ತಲು ಬಿಡಲಿಲ್ಲ. ಅವನ ದನಕ್ಕೆ ರೋಗವೇನೂ ಬಂದಿರಲಿಲ್ಲ. ಆದರೆ ಮೈಮೇಲೆ ಗುಂಡು ಗುಂಡು ಗುರುತು ಎದ್ದಂತೆ ಕಾಣುವುದನ್ನು ಆ ತಿಂಗಳು ಅವನು ನೋಡಲಾರದವನಾಗಿದ್ದ. ‘ಕೋಡಿಗೆ ಬಣ್ಣ ಬಳಿ, ಸಾಕು’ ಎಂದ. ಹುಡುಗಿ ಅತ್ತಳು. ಹುಲಿಯಪ್ಪನ ಕಟ್ಟೆಗೆ ಮಾವ ಒಬ್ಬನೇ ಹೋಗಿ ಕಾಯಿ ಒಡೆದು ಬಂದ, ನಾನು ಜೊತೆಗೆ ಬರುತ್ತೇನೆಂದರೆ, ನೀನು ಘಟ್ಟದ ಮೇಲೆಲ್ಲ ತಿರುಗಿ ಬಂದವನು ಎಂದು ಬಿಟ್ಟ. ನನ್ನ ಸ್ವಂತ ಮಾವನ ಬೆಟ್ಟದ ದಾರಿ, ಸಣ್ಣವನಿದ್ದಾಗ ದನ ಹುಡುಕಲು ಹೋದ ದಾರಿ. ಸ್ವಲ್ಪ ಸಿಟ್ಟು ಬಂತು, ನಿಜ. ಹೋಳಿಗೆ ತಿಂದ ಮೇಲೆ ಇಳಿಯಿತು.

ದನ ಹೋದ ಮೇಲೆ

ಘಟ್ಟದ ಮೇಲಿನ ಮನೆಯ ದನ ಸಾಯಲಿಲ್ಲ. ಗಂಟುಗಳು ಒಡೆದು ಮಾಯ್ದವು, ಕರು ಉಳಿಯಲಿಲ್ಲ, ಹಾಲು ಕೊನೆಗೂ ಏರಲಿಲ್ಲ. ಸರ್ಕಾರದ ಆಗಿನ ಪರಿಹಾರ ಸತ್ತ ದನಕ್ಕೆ: ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ. ಬದುಕಿ ಬತ್ತಿಹೋದ ದನಕ್ಕೆ ಏನೂ ಇಲ್ಲ. ಮುಂದಿನ ಬೇಸಿಗೆಯೊಳಗೆ ಅವರು ಕೊಟ್ಟಿಗೆ ಖಾಲಿ ಮಾಡಿದರು. ರೋಗ ಒಂದೇ ಕಾರಣ ಎಂದು ಹೇಳಲಾರೆ. ಮಗ ಬೆಂಗಳೂರಿನಲ್ಲಿ, ಹುಲ್ಲು ಕೊಯ್ಯಲು ಆಳು ಇಲ್ಲ, ಅಮ್ಮನಿಗೆ ಮಂಡಿನೋವು. ರೋಗ ಕೊನೆಯದಾಗಿ ಬಂತು, ಅಷ್ಟೆ. ಈಗ ಆ ಮನೆಗೂ ಪ್ಯಾಕೆಟ್ ಹಾಲು ಬರುತ್ತದೆ.

ಕತ್ತದ ಹಗ್ಗ ಬಿಚ್ಚಿದ್ದು ಚಳಿಗಾಲದ ಹೊತ್ತಿಗೇ. ದಾರಿ ಮುಚ್ಚಿಹೋದದ್ದು ಆಮೇಲೆ. ದನ ನಡೆಯದ ಬೆಟ್ಟದ ದಾರಿ ಎರಡು ಮಳೆಗಾಲಕ್ಕೆ ಇರುವುದಿಲ್ಲ. ಲಂಟಾನ, ಮುಳ್ಳುಬಳ್ಳಿ ಎರಡೂ ಬದಿಯಿಂದ ಬಂದು ಕೂಡಿಕೊಳ್ಳುತ್ತವೆ, ಕರಡ ಮೇಯುವವರಿಲ್ಲದೆ ಬೇಣಕ್ಕೆ ಬೆಂಕಿ ಬೀಳುತ್ತದೆ. ವಾರಕ್ಕೊಮ್ಮೆ ಹೋಗುವ ನಮ್ಮ ಬೂಟುಗಳಿಗೆ ದಾರಿಯನ್ನು ದಾರಿಯಾಗಿ ಇಡುವ ಶಕ್ತಿ ಇಲ್ಲ. ನಾವು ಕಾಲುದಾರಿಯ ಬಳಕೆದಾರರು, ಅದನ್ನು ಕಾಯ್ದುಕೊಂಡವರು ನಮ್ಮ ನಾಡತಳಿಯ ದನ ಮಲೆನಾಡು ಗಿಡ್ಡಗಳು. ಈ ಮಾತನ್ನು ಗುಂಪಿನಲ್ಲಿ ಹೇಳಿದಾಗ ಒಬ್ಬ ಹುಡುಗ, ‘ಹಾಗಾದ್ರೆ ನಾವೇ ಕತ್ತಿ ತಗೊಂಡು ಹೋಗಿ ಸವರೋಣ ಸರ್’ ಎಂದ. ಸೊಪ್ಪಿನ ಬೆಟ್ಟದಲ್ಲಿ ಹೊರಗಿನವರು ಕತ್ತಿ ಹಿಡಿದು ಹೋದರೆ ಏನಾಗುತ್ತದೆ ಎಂದು ಅವನಿಗೆ ತಿಳಿಸಿ ಹೇಳಲು ಸ್ವಲ್ಪ ಹೊತ್ತು ಬೇಕಾಯಿತು.

ಈಗ ಅಲ್ಲಿ ಹೊಸ ಸಮಸ್ಯೆ. ಪಕ್ಕದ ತೋಟ ಮಾರಾಟವಾಗಿ ಹೋಂಸ್ಟೇ ಬರುತ್ತಿದೆ. ದಣಪೆ ಇದ್ದಲ್ಲಿ ಕಬ್ಬಿಣದ ಗೇಟು, ಅದಕ್ಕೊಂದು ಬೀಗ. ಗೇಟಿನ ಆಚೆ ಯಾರ ದನಕ್ಕೂ ಕಾಯಿಲೆಯಿಲ್ಲ, ದನವೇ ಇಲ್ಲ. ಕುಮಟಾದ ಗೆಳೆಯ ಗ್ರಾಮ ನಕಾಶೆಯ ಪ್ರತಿ ತೆಗೆಸಿದ್ದಾನೆ. ಅದರಲ್ಲಿ ಆ ಕಾಲುದಾರಿ ಚುಕ್ಕಿಗೆರೆಯಾಗಿ ಬೆಟ್ಟದವರೆಗೂ ಇದೆ. ತಹಶೀಲ್ದಾರರಿಗೆ ಅರ್ಜಿ ಹಾಕಿ ದಾರಿ ಬಿಡಿಸೋಣ ಎಂದು ತಿಂಗಳಿನಿಂದ ಗಂಟುಬಿದ್ದಿದ್ದಾನೆ, ನನ್ನ ಸಹಿಯೂ ಬೇಕಂತೆ. ಗೇಟು ತಪ್ಪು ಎನ್ನುವುದರಲ್ಲಿ ನನಗೆ ಅವನೊಡನೆ ತಕರಾರಿಲ್ಲ. ಆದರೆ ಅರ್ಜಿಯಲ್ಲಿ ಅವನು ಬರೆದಿರುವುದು ‘ಚಾರಣಿಗರಿಗೆ ತೊಂದರೆಯಾಗಿರುತ್ತದೆ’ ಎಂದು. ಆ ಊರಿನಲ್ಲಿ ಇನ್ನೂ ಎರಡು ಮನೆಯಲ್ಲಿ ದನ ಇವೆ, ದರಕಿಗೆ ಹೋಗುವ ಹೆಂಗಸರಿದ್ದಾರೆ. ಅವರು ಮೊದಲು ಸಹಿ ಹಾಕಲಿ, ತೊಂದರೆ ಏನೆಂದು ಅವರ ಮಾತಿನಲ್ಲೇ ಬರೆಯೋಣ, ನಾಳೆ ಮತ್ತೆ ರೋಗ ಬಂದರೆ ದಾರಿ ಮುಚ್ಚುವ ಮಾತು ಅವರದ್ದೇ ಎಂದೂ ಅದರಲ್ಲಿ ಸೇರಿಸೋಣ, ಕೊನೆಯಲ್ಲಿ ನನ್ನ ಸಹಿ ಎಂದಿದ್ದೇನೆ. ದಾರಿ ಮುಚ್ಚುವ ಆ ಸಾಲಿಗೆ ಅವನು ಒಪ್ಪುತ್ತಿಲ್ಲ. ಹಕ್ಕು ಎಂದ ಮೇಲೆ ಇನ್ನೊಬ್ಬರ ಕೈಗೆ ಬೀಗ ಕೊಟ್ಟು ಕೇಳುವುದು ಎಂಥದ್ದು ಎನ್ನುತ್ತಾನೆ. ಮುಂದಿನ ವಾರ ಇಬ್ಬರೂ ಆ ಊರಿಗೆ ಹೋಗಿ ಅಮ್ಮನ ಜಗಲಿಯಲ್ಲಿ ಕೂತು ಕೇಳುವುದೆಂದು ಆಗಿದೆ. ಅವರು ಎರಡೂ ಬೇಡ ಎನ್ನಬಹುದು. ಹೋಂಸ್ಟೇಯವರು ಅವರ ಮಗನಿಗೆ ಕೆಲಸ ಕೊಡುತ್ತೇವೆ ಎಂದಿದ್ದಾರಂತೆ.